ಮಾಯದ ಗಾಯ



"ಸಿಸ್ಟರ್, ಇದಕ್ಕ ಏನ್ ಹಚ್ಚಬೇಕ್ರಿ?"

ಬೆಳಗಾವಿಯ ಡ್ರೆಸ್ಸಿಂಗ್ ಖೋಲಿಗಳಲ್ಲಿ ನನ್ನ ನೌಕರಿಯ ಬಹುಪಾಲು ಕಳೆದಿದೆ. ಅಲ್ಲಿ ನನ್ನ ಕಿವಿಗೆ ಅತಿ ಹೆಚ್ಚು ಬಿದ್ದ ಪ್ರಶ್ನೆ ಇದು. ಖಾನಾಪುರದಿಂದ ಬೆಳಗಿನ ಬಸ್ಸಿಗೆ ಬಂದ ಅಜ್ಜಿ ಕೇಳುತ್ತಾಳೆ, ವಡಗಾವಿಯ ಮಗ್ಗದ ಕಾಕಾ ಕೇಳುತ್ತಾರೆ, ಕ್ಯಾಂಪಿನ ಕಡೆಯ ನಿವೃತ್ತ ಸೈನಿಕರು ಕೇಳುತ್ತಾರೆ. ಕೇಳುವ ಮೊದಲೇ ಅವರೆಲ್ಲ ಏನೇನೋ ಹಚ್ಚಿ ನೋಡಿರುತ್ತಾರೆ. ಅರಿಶಿನ, ಸುಣ್ಣ, ಕಾಫಿ ಪುಡಿ, ಒಲೆಯ ಬೂದಿ, ಔಷಧದ ಅಂಗಡಿಯವರು ಕೊಟ್ಟ ಮುಲಾಮು. ನುಂಗಬೇಕಾದ ಕ್ಯಾಪ್ಸೂಲನ್ನು ಒಡೆದು ಅದರ ಪುಡಿಯನ್ನು ಹುಣ್ಣಿನ ಮೇಲೆ ಉದುರಿಸಿಕೊಂಡು ಬಂದವರಂತೂ ವಾರಕ್ಕೊಬ್ಬರಾದರೂ ಸಿಗುತ್ತಾರೆ. ಮೂರು ತಿಂಗಳು, ಆರು ತಿಂಗಳು, ಕೆಲವರಿಗೆ ಎರಡೆರಡು ಮಳೆಗಾಲ ಕಳೆದಿರುತ್ತದೆ. ಗಾಯ ಮಾತ್ರ ಇದ್ದಲ್ಲೇ ಇರುತ್ತದೆ.

ಈ ಹೊತ್ತು ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಏನು ಹಚ್ಚಬೇಕು ಎಂಬುದನ್ನು ಆಮೇಲೆ ಕೇಳಿ. ಮೊದಲು "ಇದು ಯಾಕ ಮಾಯವಲ್ದು?" ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಎಷ್ಟು ದುಬಾರಿ ಮುಲಾಮು ತಂದರೂ ಹಣ ಹೋಗುತ್ತದೆಯೇ ಹೊರತು ಹುಣ್ಣು ಹೋಗುವುದಿಲ್ಲ.

ಕುಡುಗೋಲು ತಾಗಿ ಕೊಯ್ದ ಬೆರಳು ಗಟ್ಟಿಮುಟ್ಟಾದವರಿಗೆ ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಬಿಳಿ ರಕ್ತಕಣಗಳು ಬಂದು ಕ್ರಿಮಿಗಳನ್ನೂ ಸತ್ತ ಮಾಂಸವನ್ನೂ ತೆಗೆದುಹಾಕುತ್ತವೆ. ಅಡಿಯಿಂದ ಕೆಂಪು ಹಸಿಮಾಂಸ ತುಂಬಿ ಬರುತ್ತದೆ, ಕೊನೆಗೆ ಅಂಚುಗಳಿಂದ ತೆಳ್ಳನೆಯ ಹೊಸ ಚರ್ಮ ಹಬ್ಬಿ ಮುಚ್ಚುತ್ತದೆ. ನಾಲ್ಕರಿಂದ ಆರು ವಾರ ದಾಟಿದರೂ ಗಾಯ ಕಿರಿದಾಗುತ್ತಿಲ್ಲ ಎಂದರೆ ಅದು ಈ ದಾರಿಯ ನಡುವೆ ಎಲ್ಲೋ ನಿಂತಿದೆ. ಹೆಚ್ಚಾಗಿ ಅದು ನಿಲ್ಲುವುದು ಎರಡನೆಯ ಹಂತದಲ್ಲಿ. ಸ್ವಚ್ಛ ಮಾಡಲು ಬಂದ ಕಣಗಳು ಹೊರಡುವುದೇ ಇಲ್ಲ. ಅವು ಬಿಡುವ ರಸ ಸತ್ತ ಮಾಂಸದ ಜೊತೆಗೆ ಹೊಸದಾಗಿ ಹುಟ್ಟುತ್ತಿರುವ ಎಳೆ ಮಾಂಸವನ್ನೂ ಕರಗಿಸುತ್ತಲೇ ಇರುತ್ತದೆ. ಅವನ್ನು ಅಲ್ಲೇ ಹಿಡಿದಿಟ್ಟ ಕಾರಣ ಗಾಯದ ಹೊರಗಿರುತ್ತದೆ. ನರದಲ್ಲಿ, ರಕ್ತನಾಳದಲ್ಲಿ, ಸಕ್ಕರೆಯಲ್ಲಿ, ಊಟದಲ್ಲಿ, ಕಾಲಿನ ಮೇಲೆ ಬೀಳುವ ಭಾರದಲ್ಲಿ.

ಇದು ಹೊಸ ತಿಳಿವಳಿಕೆಯಲ್ಲ. ಬೆಳಗಾವಿಯ ಶಹಾಪುರದಲ್ಲಿ 1933ರಿಂದ ಆಯುರ್ವೇದ ಮಹಾವಿದ್ಯಾಲಯ ನಡೆದಿದೆ. ಅಲ್ಲಿಯ ವಿದ್ಯಾರ್ಥಿಗಳು ಓದುವ ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ, ಯಾರ ವ್ರಣ ಕಷ್ಟದಿಂದ ಗುಣವಾಗುತ್ತದೆ ಎಂದು ಹೇಳುವ ಒಂದು ಶ್ಲೋಕವಿದೆ. ಕುಷ್ಠ ಇರುವವರು, ವಿಷ ಏರಿದವರು, ಸೊರಗಿದವರು, ಮಧುಮೇಹಿಗಳು, ಮೊದಲೇ ಇರುವ ವ್ರಣದ ಮೇಲೆ ಮತ್ತೊಂದು ವ್ರಣ ಆದವರು ಎಂದು ಅದು ಹೆಸರು ಹಿಡಿದು ಹೇಳುತ್ತದೆ. ಅದೇ ಸುಶ್ರುತ ವ್ರಣಕ್ಕೆ 60 ಬಗೆಯ ಉಪಕ್ರಮಗಳನ್ನು ಹೇಳುತ್ತಾನೆ. ಹಾಗಿದ್ದರೂ ರೋಗಿ ಯಾರು, ಅವನ ಮೈಯಲ್ಲಿ ಏನಿದೆ ಎಂಬ ಮಾತನ್ನು ಬಿಟ್ಟಿಲ್ಲ. ಕುಷ್ಠವನ್ನೂ ಮಧುಮೇಹವನ್ನೂ ಒಂದೇ ಶ್ಲೋಕದಲ್ಲಿ ಕೂಡಿಸಿದ್ದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಯಾಕೆಂದರೆ ನಮ್ಮ ಕಾಲದ ವೈದ್ಯರು ಸಕ್ಕರೆ ಕಾಯಿಲೆಯ ಕಾಲುಗಳನ್ನು ಉಳಿಸುವುದನ್ನು ಕಲಿತದ್ದು ಕುಷ್ಠರೋಗಿಗಳ ಕಾಲುಗಳಿಂದಲೇ.

ಹಿಂಡಲಗಾ ಎಂದರೆ ಬೆಳಗಾವಿಯವರಿಗೆ ಮೊದಲು ನೆನಪಾಗುವುದು ಜೈಲು. ಅದೇ ಊರಿನಲ್ಲಿ ಕುಷ್ಠರೋಗಿಗಳಿಗಾಗಿ ದಶಕಗಳ ಕಾಲ ನಡೆದ ಆಸ್ಪತ್ರೆಯೂ ಇದೆ ಎಂಬುದು ಹಳಬರಿಗೆ ಗೊತ್ತು. ಕುಷ್ಠ ಬಂದರೆ ಬೆರಳುಗಳು ತಾವಾಗಿ ಕೊಳೆತು ಉದುರುತ್ತವೆ ಎಂದು ಜನ ನಂಬಿದ್ದ ಕಾಲ ಅದು. ವೈದ್ಯರಲ್ಲೂ ಅನೇಕರು ಹಾಗೇ ನಂಬಿದ್ದರು. ಈ ನಂಬಿಕೆಯನ್ನು ಅಲುಗಾಡಿಸಿದವರು ಪಾಲ್ ಬ್ರಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಆಸ್ಪತ್ರೆಗೆ ಬಂದ ಶಸ್ತ್ರವೈದ್ಯರು. ಕುಷ್ಠದ ರೋಗಾಣು ನರವನ್ನು ಕೊಲ್ಲುತ್ತದೆ, ನರ ಸತ್ತ ಮೇಲೆ ನೋವು ಗೊತ್ತಾಗುವುದಿಲ್ಲ, ಗೊತ್ತಾಗದೆ ಆದ ಪೆಟ್ಟು, ಸುಟ್ಟ ಗಾಯ, ಒತ್ತಡ ಇವೇ ಬೆರಳುಗಳನ್ನು ತಿನ್ನುತ್ತವೆ ಎಂದು ಅವರು ತೋರಿಸಿದರು. ರಾತ್ರಿ ಇದ್ದ ಬೆರಳಿನ ತುದಿ ಬೆಳಿಗ್ಗೆ ಇಲ್ಲದಂತಾಗುವುದು ಹೇಗೆ ಎಂದು ಹುಡುಕಹೋದರೆ, ಮಲಗಿದ್ದವರ ಜೋಮು ಹಿಡಿದ ಬೆರಳನ್ನು ಇಲಿ ಕಚ್ಚಿಕೊಂಡು ಹೋಗುತ್ತಿತ್ತು. ಆಮೇಲೆ ಅಲ್ಲಿಂದ ಮನೆಗೆ ಹೋಗುವ ರೋಗಿಗಳ ಕೈಗೆ ಒಂದೊಂದು ಬೆಕ್ಕು ಕೊಟ್ಟು ಕಳಿಸುವ ಪದ್ಧತಿ ಶುರುವಾಯಿತು.

ಇದನ್ನು ಹಳೆಯ ಕಥೆ ಎಂದುಕೊಳ್ಳಬೇಡಿ. ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಭತ್ತದ ಚೀಲಗಳ ಪಕ್ಕದಲ್ಲೇ ನೆಲದ ಮೇಲೆ ಮಲಗುವ ಸಕ್ಕರೆ ಕಾಯಿಲೆಯ ಹಿರಿಯರ ಕಾಲಿಗೂ ಇಲಿ ಕಚ್ಚುತ್ತದೆ. ಬೆಳಿಗ್ಗೆ ಹಾಸಿಗೆಯಲ್ಲಿ ರಕ್ತ ಕಂಡ ಮೇಲೆಯೇ ಅವರಿಗೆ ಗೊತ್ತಾಗುವುದು. ಮಂಚದ ಮೇಲೆ, ಕಾಲಿಗೆ ಕಾಲುಚೀಲ ಹಾಕಿಕೊಂಡು ಮಲಗಿ ಎಂದು ನಾನು ಹೇಳುವುದು ಇದಕ್ಕೇ.

ಬ್ರಾಂಡ್ ಮತ್ತು ಅವರ ಜೊತೆಗಾರರು ಅಂಗಾಲಿನ ಹುಣ್ಣಿಗೆ ಮಾಡಿದ ಚಿಕಿತ್ಸೆ ತುಂಬಾ ಸರಳ. ಹುಣ್ಣನ್ನು ಸ್ವಚ್ಛ ಮಾಡಿ, ಪಾದದಿಂದ ಮೊಣಕಾಲಿನ ಕೆಳಗಿನವರೆಗೆ ಮೈಗೆ ಹೊಂದುವಂತೆ ಪ್ಲಾಸ್ಟರ್ ಹಾಕುತ್ತಿದ್ದರು. ರೋಗಿ ನಡೆದರೂ ಭಾರ ಒಂದೇ ಕಡೆ ಬೀಳದೆ ಇಡೀ ಕಾಲಿಗೆ ಹಂಚಿಹೋಗುತ್ತದೆ. ವರ್ಷಗಟ್ಟಲೆ ಇದ್ದ ಹುಣ್ಣುಗಳು ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಮಾಯ್ದಿದ್ದವು. ಒಳಗೆ ಹಚ್ಚಿದ್ದು ಏನೂ ವಿಶೇಷವಲ್ಲ. 1966ರಲ್ಲಿ ಬ್ರಾಂಡ್ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಎಂಬ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಈ ವಿದ್ಯೆಯನ್ನೂ ಒಯ್ದರು, ಅಲ್ಲಿಂದ ಅದು ಸಕ್ಕರೆ ಕಾಯಿಲೆಯ ಕಾಲುಗಳಿಗೆ ಹಬ್ಬಿತು. ಇವತ್ತಿಗೂ ರಕ್ತಸಂಚಾರ ಚೆನ್ನಾಗಿರುವ, ಸೋಂಕಿಲ್ಲದ ಅಂಗಾಲಿನ ಹುಣ್ಣಿಗೆ ಜಗತ್ತಿನ ಪರಿಣತರು ಮೊದಲು ಹೆಸರಿಸುವುದು ಪಾದದ ಭಾರ ಇಳಿಸುವ ಇಂಥ ಪ್ಲಾಸ್ಟರನ್ನೇ, ಅಥವಾ ಅದರಂತೆ ಬಿಚ್ಚಲಾಗದ ಬೂಟನ್ನೇ.

ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿತು. ಈ ಕಾಯಿಲೆಯಲ್ಲಿ ನರಗಳು ತುದಿಯಿಂದ ಸಾಯುತ್ತ ಬರುತ್ತವೆ, ಉದ್ದದ ನರಗಳು ಮೊದಲು. ಹಾಗಾಗಿ ಕಾಲ್ಬೆರಳುಗಳಿಂದ ಜೋಮು ಆರಂಭವಾಗುತ್ತದೆ. ಬೆವರೂ ಕಡಿಮೆಯಾಗಿ ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ. ಪಾದದ ಸಣ್ಣ ಸ್ನಾಯುಗಳು ಸೊರಗಿ ಬೆರಳುಗಳು ಬಾಗುತ್ತವೆ, ಭಾರವೆಲ್ಲ ಒಂದೇ ಎಲುಬಿನ ಕೆಳಗೆ ಬೀಳುತ್ತದೆ. ಅಲ್ಲಿ ಆಣಿ ಕಟ್ಟುತ್ತದೆ. ಜನ ಆಣಿಯನ್ನು ಗಟ್ಟಿ ಚರ್ಮ ಎಂದು ಬಿಟ್ಟುಬಿಡುತ್ತಾರೆ. ಅದರ ಅಡಿಯಲ್ಲಿ ರಕ್ತ ಕಟ್ಟಿ, ಕೀವಾಗಿ, ಒಂದು ದಿನ ಒಡೆಯುತ್ತದೆ. ಕಾಲು ತೆಗೆಸಿಕೊಳ್ಳಬೇಕಾದ ಸಕ್ಕರೆ ಕಾಯಿಲೆಯವರಲ್ಲಿ ನೂರಕ್ಕೆ ಸುಮಾರು 85 ಜನರ ಕಥೆ ಇಂಥ ಒಂದು ಹುಣ್ಣಿನಿಂದಲೇ ಆರಂಭವಾಗಿರುತ್ತದೆ. ಚಪ್ಪಲಿಗೆ ಚುಚ್ಚಿ ಅಂಗಾಲಿಗೂ ನೆಟ್ಟ ಮೊಳೆಯ ಜೊತೆಗೇ ನಡೆದು ಬಂದವರನ್ನು ನಾನು ನೋಡಿದ್ದೇನೆ. ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರಿಗಾಲಲ್ಲಿ ಹೋಗಿ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ನಿಂತು, ಎರಡೂ ಪಾದ ಬೊಬ್ಬೆ ಎದ್ದ ಮೇಲೆ ಊರಿಗೆ ಬಂದು ಗಮನಿಸಿದ ತಾಯಂದಿರನ್ನೂ ನೋಡಿದ್ದೇನೆ. ದೇವಿಯ ಮುಂದೆ ದಪ್ಪ ಕಾಲುಚೀಲ ಹಾಕಿಕೊಂಡು ನಿಂತರೆ ಭಕ್ತಿಗೆ ಕೊರತೆಯಾಗುವುದಿಲ್ಲ.

ಜೋಮು ಇದೆಯೋ ಇಲ್ಲವೋ ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನಿನ ಒಂದು ಎಳೆಯನ್ನು ಅಂಗಾಲಿಗೆ ಒತ್ತಿ "ಗೊತ್ತಾಯ್ತೇನ್ರಿ?" ಎಂದು ಕೇಳುವುದಷ್ಟೇ. ತಾಲೂಕು ಆಸ್ಪತ್ರೆಯಲ್ಲಿ ಸಕ್ಕರೆ, ಬಿ.ಪಿ. ನೋಡುವ ಕ್ಲಿನಿಕ್ಕಿಗೆ ಹೋದಾಗ ಕಾಲನ್ನೂ ತೋರಿಸಿ. ಅವರು ಕೇಳದಿದ್ದರೆ ನೀವೇ ಚಪ್ಪಲಿ ಬಿಚ್ಚಿ ತೋರಿಸಿ.

ಭಾರ ಹಾಕಬೇಡಿ ಎಂದು ಹೇಳುವುದು ಸುಲಭ. ಕೇಳುವವರ ಸ್ಥಿತಿ ಹಾಗಿರುವುದಿಲ್ಲ. ಆಷಾಢದಲ್ಲಿ ಜಾಂಬೋಟಿ, ಕಣಕುಂಬಿ ಕಡೆಯಿಂದ ಬಂದವರು ಹೇಳುತ್ತಾರೆ, "ನಾಟಿ ಒಂದ್ ಮುಗೀಲಿ ಸಿಸ್ಟರ್, ಆಮ್ಯಾಲ ನೀವ್ ಹೇಳಿದಂಗ ಕುಂಡ್ರತೀನಿ." ನಾಟಿ ಮುಗಿಯುವ ಹೊತ್ತಿಗೆ ಕೆಸರಿನಲ್ಲಿ ನೆನೆದ ಹುಣ್ಣು ಎಲುಬಿಗೆ ಮುಟ್ಟಿರುತ್ತದೆ. ಅವರನ್ನು ಬೈಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಒಂದು ಹಂಗಾಮಿನ ಕೂಲಿ ಬಿಟ್ಟು ಕೂಡುವ ಶಕ್ತಿ ಆ ಮನೆಗಿಲ್ಲ. ಆದರೆ ಕಾಲು ಹೋದರೆ ಎಲ್ಲ ಹಂಗಾಮುಗಳೂ ಹೋದಂತೆ ಎಂದು ಮನೆಯ ಬೇರೆಯವರನ್ನು ಕೂಡಿಸಿಕೊಂಡು ಹೇಳುತ್ತೇನೆ, ಮಗನನ್ನೋ ತಮ್ಮನನ್ನೋ ಕೆಸರಿಗಿಳಿಸಿ ಇವರಿಗೆ ದಂಡೆಯ ಮೇಲಿನ ಕೆಲಸ ಕೊಡಲು ಕೇಳುತ್ತೇನೆ. ಕೆಲವರು ಒಪ್ಪುತ್ತಾರೆ. ಭೀಮಗಡ ಕಾಡಿನೊಳಗಿನ ಊರುಗಳ ಕಷ್ಟ ಬೇರೆಯೇ. ಆಮಗಾಂವ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದು. ಹಳ್ಳ ತುಂಬಿದರೆ ರೋಗಿಯನ್ನು ಹೊತ್ತು ತರಬೇಕು. ಅಂಥ ಊರಿನವರಿಗೆ ದಿನ ಬಿಟ್ಟು ದಿನ ಬಂದು ಡ್ರೆಸ್ಸಿಂಗ್ ಮಾಡಿಸಿಕೊಂಡು ಹೋಗಿ ಎಂದು ಚೀಟಿ ಬರೆದುಕೊಡುವುದು ಚಿಕಿತ್ಸೆಯಲ್ಲ. ಮನೆಯಲ್ಲಿ ಒಬ್ಬರಿಗೆ ಕಲಿಸಿ ಕಳಿಸಲೇಬೇಕು. ಅದನ್ನು ಹೇಗೆ ಮಾಡುವುದು ಎಂದು ಆಮೇಲೆ ಹೇಳುತ್ತೇನೆ.

ಈಗ ವಡಗಾವಿಗೆ, ಖಾಸಬಾಗಕ್ಕೆ ಬರೋಣ. ಅಲ್ಲಿ ಪವರ್‌ಲೂಮಿನ ಮುಂದೆ ದಿನವಿಡೀ ನಿಲ್ಲುವವರ ಹುಣ್ಣು ಅಂಗಾಲಿಗಲ್ಲ, ಪಾದದ ಗಂಟಿನ ಮೇಲೆ, ಒಳಬದಿಗೆ ಆಗುತ್ತದೆ. ಹೋಟೆಲಿನ ಅಡುಗೆಯವರಿಗೆ, ಬಸ್ ಕಂಡಕ್ಟರರಿಗೆ, ಪೊಲೀಸರಿಗೆ ಕೂಡ. ಕಾಲಿನ ರಕ್ತ ಮೇಲೇರಲು ನಾಳದೊಳಗೆ ಸಣ್ಣ ಕವಾಟಗಳಿವೆ, ಮೀನಖಂಡ ಪ್ರತಿ ಹೆಜ್ಜೆಗೂ ಹಿಂಡಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಕದಲದೆ ನಿಂತರೆ ಹಿಂಡುವುದು ನಿಲ್ಲುತ್ತದೆ. ಕವಾಟ ಸಡಿಲಾದರೆ ರಕ್ತ ಕೆಳಗೇ ಕೂಡುತ್ತದೆ, ಕಾಲು ಬಾಯುತ್ತದೆ, ಚರ್ಮ ಕಂದು ಬಣ್ಣಕ್ಕೆ ತಿರುಗಿ ತುರಿಸುತ್ತದೆ, ತುರಿಸಿದಲ್ಲಿ ಹುಣ್ಣು ಆಗುತ್ತದೆ. ಈ ಹುಣ್ಣಿಗೆ ಔಷಧ ಎಂದರೆ ಬಿಗಿ ಪಟ್ಟಿ. ಕಾಲ್ಬೆರಳ ಬುಡದಿಂದ ಮೊಣಕಾಲಿನವರೆಗೆ, ಕೆಳಗೆ ಹೆಚ್ಚು ಬಿಗಿ, ಮೇಲೆ ಬಂದಂತೆ ಕಡಿಮೆ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಸುತ್ತಬೇಕು. ರಾತ್ರಿ ಕಾಲಡಿಗೆ ದಿಂಬಿಟ್ಟು ಎದೆಗಿಂತ ಎತ್ತರಕ್ಕೆ ಕಾಲಿಡಬೇಕು.

ಇಲ್ಲಿ ನನ್ನ ಮಾತಿಗೆ ಒಂದು ಪುರಾವೆ ಕೊಡುತ್ತೇನೆ. ಜೇನುತುಪ್ಪದ ಬಗ್ಗೆ ಎಲ್ಲರೂ ಕೇಳುತ್ತಾರೆ, ಖಾನಾಪುರದ ಕಾಡಿನ ಜೇನು ಮನೆಮನೆಯಲ್ಲಿರುತ್ತದೆ. ನಮ್ಮ ಪಕ್ಕದ ಸೊಲ್ಲಾಪುರದ ವೈದ್ಯಕೀಯ ಕಾಲೇಜಿನ ಡಾ. ಎಂ. ಸುಬ್ರಹ್ಮಣ್ಯಂ 1991ರಲ್ಲಿ, ಸುಟ್ಟ ಗಾಯಗಳಿಗೆ ಜೇನು ಹಚ್ಚಿ 104 ರೋಗಿಗಳಲ್ಲಿ ಮಾಡಿದ ಅಧ್ಯಯನವನ್ನು ಬ್ರಿಟನ್ನಿನ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಳ್ಳಿಯ ಮುಲಾಮಿಗಿಂತ ಜೇನು ಹಚ್ಚಿದವರ ಗಾಯ ಬೇಗ ಮಾಯಿತು ಎಂಬುದು ಅವರ ವರದಿ. ಜಗತ್ತಿನ ಕಣ್ಣು ಜೇನಿನ ಕಡೆ ತಿರುಗಲು ಇಂಥ ಕೆಲಸಗಳು ಕಾರಣವಾದವು. ಆದರೆ ಅವು ಹೊಸ, ಮೇಲುಮೇಲಿನ ಸುಟ್ಟ ಗಾಯಗಳು. ಮುಂದೆ ನ್ಯೂಜಿಲೆಂಡಿನಲ್ಲಿ, ಕಾಲಿನ ಇಂಥದೇ ಹಳೆ ಹುಣ್ಣುಗಳಿದ್ದ 368 ಜನರಿಗೆ ಬಿಗಿ ಪಟ್ಟಿ ಕಟ್ಟಿ, ಅರ್ಧ ಜನರಿಗೆ ಪಟ್ಟಿಯ ಕೆಳಗೆ ಜೇನು, ಉಳಿದವರಿಗೆ ಮಾಮೂಲಿ ಡ್ರೆಸ್ಸಿಂಗ್ ಹಾಕಿ ನೋಡಿದರು. 2008ರಲ್ಲಿ ಫಲಿತಾಂಶ ಬಂತು. 12 ವಾರದ ನಂತರ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎರಡೂ ಕಡೆ ಕೆಲಸ ಮಾಡಿದ್ದು ಮೇಲಿನ ಬಿಗಿ ಪಟ್ಟಿ. ಕಾಡಿನ ಹಸಿ ಜೇನಿನಲ್ಲಿ ರೋಗಾಣುಗಳ ಬೀಜಕಣ ಇರಬಹುದು, ಅದನ್ನು ನೇರವಾಗಿ ಹುಣ್ಣಿಗೆ ಸುರಿಯಬೇಡಿ. ವೈದ್ಯಕೀಯಕ್ಕೆಂದು ಶುದ್ಧಿ ಮಾಡಿದ ಜೇನು ಬೇರೆ ಇದೆ.

ಉಬ್ಬಿದ ನಾಳಕ್ಕೆ ಲೇಸರ್ ಅಥವಾ ಇಂಜೆಕ್ಷನ್ ಮಾಡಿಸುವುದನ್ನು ಹುಣ್ಣು ಮಾಯುವವರೆಗೆ ಮುಂದೂಡಬೇಕು ಎಂಬ ರೂಢಿ ಹಿಂದೆ ಇತ್ತು. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲೇ ನಾಳಕ್ಕೆ ಚಿಕಿತ್ಸೆ ಮಾಡಿದವರ ಹುಣ್ಣು ಸಾಮಾನ್ಯವಾಗಿ 56 ದಿನದಲ್ಲಿ ಮಾಯಿತು, ತಡ ಮಾಡಿದವರಿಗೆ 82 ದಿನ ಬೇಕಾಯಿತು. ಕಾಯುವ ಅಗತ್ಯವಿಲ್ಲ.

ಒಂದು ಎಚ್ಚರಿಕೆ. ಬಿಗಿ ಪಟ್ಟಿ ಎಲ್ಲರಿಗೂ ಅಲ್ಲ. ಕಾಲಿಗೆ ಬರುವ ರಕ್ತವೇ ಕಡಿಮೆ ಇದ್ದವರಿಗೆ ಬಿಗಿ ಸುತ್ತಿದರೆ ಬೆರಳು ಕಪ್ಪಾಗುತ್ತದೆ. ಆದ್ದರಿಂದ ಪಾದದ ಮೇಲೆ ಮತ್ತು ಗಂಟಿನ ಹಿಂದೆ ನಾಡಿ ಸಿಗುತ್ತದೆಯೇ ಎಂದು ವೈದ್ಯರು ನೋಡಿದ ಮೇಲೆಯೇ ಪಟ್ಟಿ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೂ ಒಂದು ಕಾರಣವಿದೆ. ನಿಪ್ಪಾಣಿ ತಂಬಾಕಿನ ಊರು, ಬೀಡಿಯ ಊರು. ಮೂವತ್ತು ನಲವತ್ತರ ಹರೆಯದ ಗಂಡಸರು ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿಯುತ್ತದೆ, ರಾತ್ರಿ ಕಾಲು ಕೆಳಗೆ ಇಳಿಬಿಟ್ಟು ಕೂತರೇ ಸಮಾಧಾನ ಎನ್ನುತ್ತ ಬರುತ್ತಾರೆ. ಬೆರಳ ತುದಿ ಕಪ್ಪಾಗಿರುತ್ತದೆ. 1908ರಲ್ಲಿ ಲಿಯೋ ಬರ್ಗರ್ ವಿವರಿಸಿದ ಈ ರೋಗ ತಂಬಾಕಿನ ಜೊತೆಗೇ ಬರುತ್ತದೆ. ಬೀಡಿ ಕಡಿಮೆ ಮಾಡಿದರೆ ಸಾಲದು, ಒಂದೂ ಸೇದಬಾರದು. ಪೂರ್ತಿ ಬಿಟ್ಟವರ ಕಾಲು ಉಳಿದದ್ದನ್ನೂ, ದಿನಕ್ಕೆ ಎರಡೇ ಎಂದು ಇಟ್ಟುಕೊಂಡವರ ಬೆರಳು ಒಂದೊಂದಾಗಿ ಹೋದದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಹಾಸಿಗೆ ಹಿಡಿದವರ ಬೆನ್ನಿನ, ಹಿಮ್ಮಡಿಯ ಹುಣ್ಣೂ ಇದೇ ಜಾತಿಯದು. ಅಲ್ಲಿಯೂ ಕಾರಣ ಒತ್ತಡ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಿ. ಹುಣ್ಣಿಗೆ ಹುಳ ಬಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ, ಪಾಪದ ಫಲ ಎಂದು ರೋಗಿಯ ಮುಂದೆ ಅನ್ನಬೇಡಿ. ನೊಣ ಕೂತಿತ್ತು, ಮೊಟ್ಟೆ ಇಟ್ಟಿತು, ಅಷ್ಟೇ. ಆಸ್ಪತ್ರೆಗೆ ಕರೆತನ್ನಿ, ತೆಗೆಯುತ್ತೇವೆ.

ಇನ್ನು ಮನೆಯ ಡ್ರೆಸ್ಸಿಂಗ್. ನಮ್ಮ ಕಡೆ ಈ ಕೆಲಸ ಬೀಳುವುದು ಸೊಸೆಯ ಮೇಲೆ, ಮಗಳ ಮೇಲೆ, ಹೆಂಡತಿಯ ಮೇಲೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾದ ಮೇಲೆ ಖಾನಾಪುರದಿಂದ ಅಜ್ಜನ ಜೊತೆ ಕಲಿಯಲು ಬರುವ ಸೊಸೆಯಂದಿರು ಹೆಚ್ಚಾಗಿದ್ದಾರೆ, ಅದು ನನಗೆ ಬಹಳ ಸಂತೋಷ. ಅವರಿಗೆ ನಾನು ಕಲಿಸುವುದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಕೈ, ಸಾಬೂನು ಹಚ್ಚಿ ಮೊಣಕೈವರೆಗೆ. ಒಂದು ಲೀಟರ್ ನೀರನ್ನು ಕುದಿಸಿ, ಒಂದೂವರೆ ಟೀ ಚಮಚ ಉಪ್ಪು ಹಾಕಿ, ಮುಚ್ಚಿ ಆರಿಸಿ. ಹಳೆಯ ಪಟ್ಟಿ ಅಂಟಿಕೊಂಡಿದ್ದರೆ ಕಿತ್ತು ತೆಗೆಯಬೇಡಿ, ಈ ನೀರು ಹಾಕಿ ನೆನೆಸಿ. ಒಣ ಬಟ್ಟೆಯನ್ನು ಚರ್ರೆಂದು ಎಳೆದರೆ ನಾಲ್ಕು ದಿನದಲ್ಲಿ ಹುಟ್ಟಿದ ಹೊಸ ಚರ್ಮ ಅದರ ಜೊತೆಗೇ ಬರುತ್ತದೆ. ಹುಣ್ಣನ್ನು ಅದೇ ಉಪ್ಪುನೀರಿನಿಂದ ತೊಳೆಯಿರಿ. ಸ್ಪಿರಿಟ್, ಡೆಟಾಲ್, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಬೇಡ. ಅವು ಕ್ರಿಮಿಯ ಜೊತೆ ಎಳೆ ಮಾಂಸವನ್ನೂ ಸುಡುತ್ತವೆ. ಕೆಂಪಗೆ, ಹಸಿಯಾಗಿ, ಮುಟ್ಟಿದರೆ ತುಸು ರಕ್ತ ಜಿನುಗುವ ಹುಣ್ಣು ಒಳ್ಳೆಯ ಹುಣ್ಣು. ಹಳದಿಯ ಲೋಳೆಪದರ, ಕಪ್ಪು ಹಕ್ಕಳೆ ಇದ್ದರೆ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಯಬೇಕು, ಮನೆಯ ಬ್ಲೇಡಿನಿಂದಲ್ಲ.

"ಗಾಳಿಗೆ ಬಿಡ್ರಿ, ಒಣಗಲಿ" ಎಂಬುದು ನಮ್ಮ ಹಿರಿಯರ ಸಲಹೆ. ಜಾರ್ಜ್ ವಿಂಟರ್ ಎಂಬ ವಿಜ್ಞಾನಿ 1962ರಲ್ಲಿ ಹಂದಿಗಳ ಚರ್ಮದ ಮೇಲೆ ಮೇಲುಗಾಯ ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ ನೋಡಿದರು. ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಚರ್ಮ ಸುಮಾರು ಎರಡರಷ್ಟು ವೇಗವಾಗಿ ಹಬ್ಬಿತು. ಹೊಸ ಚರ್ಮದ ಕಣಗಳು ತೇವದ ಮೇಲೆ ಸರಾಗವಾಗಿ ಸರಿಯುತ್ತವೆ, ಹಕ್ಕಳೆ ಕಟ್ಟಿದರೆ ಅದರ ಅಡಿಯಲ್ಲಿ ನುಸುಳಿ ಹೋಗಬೇಕಾಗುತ್ತದೆ. ಹಾಗಾಗಿ ಹುಣ್ಣು ತುಸು ತೇವವಾಗಿರಲಿ, ಸುತ್ತಲಿನ ಚರ್ಮ ಮಾತ್ರ ಒಣಗಿರಲಿ. ರಕ್ತ ಬರದೆ ಒಣಗಿ ಕಪ್ಪಾದ ಬೆರಳಿಗೆ ಈ ಮಾತು ಸಲ್ಲದು, ಅದನ್ನು ಒಣಗಿಸಿಯೇ ಇಟ್ಟು ಬೇಗ ವೈದ್ಯರಿಗೆ ತೋರಿಸಬೇಕು. ಅಂಟದ ಪಟ್ಟಿ ಕೊಳ್ಳಲು ಹಣ ಸಾಲದಿದ್ದರೆ, ವ್ಯಾಸಲೀನ್ ಸವರಿದ ಶುದ್ಧ ಗಾಜ್ ಬಟ್ಟೆ ಸಾಕು. ಮುಂಬೈಯ ವೈದ್ಯರು 2003ರಲ್ಲಿ, ಶುದ್ಧೀಕರಿಸಿದ ಬಾಳೆಎಲೆಯನ್ನು ಸುಟ್ಟ ಗಾಯಗಳಿಗೆ ಮುಚ್ಚಿ, ಅದು ಅಂಟದೆ, ನೋವಿಲ್ಲದೆ ಬಿಡಿಸಿ ಬರುತ್ತದೆ ಎಂದು ವರದಿ ಮಾಡಿದ್ದಾರೆ. ಬಡವರ ಆಸ್ಪತ್ರೆಗಳು ಇಂಥವನ್ನು ಹೆಚ್ಚು ಪ್ರಯೋಗಿಸಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಸುತ್ತುವ ಪಟ್ಟಿಗೆ ಹಳೆಯ ನೂಲಿನ ಧೋತರ, ಸೀರೆ ಆಗುತ್ತದೆ. ಕುದಿಸಿ ಬಿಸಿಲಿಗೆ ಒಣಗಿಸಿ. ಖಾನಾಪುರದ ಮಳೆಯಲ್ಲಿ ಬಿಸಿಲು ಎಲ್ಲಿಂದ ಬರಬೇಕು ಎಂದು ಕೇಳುತ್ತೀರಿ. ಕಾದ ಇಸ್ತ್ರಿ ಹಾಕಿ ಒಣಗಿಸಿ, ಸ್ವಚ್ಛ ಡಬ್ಬಿಯಲ್ಲಿ ಮುಚ್ಚಿಡಿ. ಹೊರಗೆ ಹೋಗುವಾಗ ಪಟ್ಟಿಯ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ, ಮನೆಗೆ ಬಂದೊಡನೆ ಬಿಚ್ಚಿ.

ಪಥ್ಯದ ಮಾತು ಬಂದರೆ ನನಗೆ ಸಂಕಟವಾಗುತ್ತದೆ. ಗಾಯ ಆಯಿತು ಎಂದ ಕೂಡಲೇ "ನಂಜಾಗ್ತದ" ಎಂದು ತತ್ತಿ ಬಂದ್, ಮೀನು ಬಂದ್, ಬದನೆ ಬಂದ್, ಬೇಳೆ ಬಂದ್. ಅಜ್ಜಿಗೆ ಮೂರು ತಿಂಗಳು ಬರೀ ಗಂಜಿ. ಮಾಂಸ ಕಟ್ಟುವುದಕ್ಕೆ ಬೇಕಾದ ಸಾಮಗ್ರಿಯನ್ನೇ ಹೊಟ್ಟೆಗೆ ಹಾಕದಿದ್ದರೆ ಹುಣ್ಣು ತುಂಬುವುದು ಯಾವುದರಿಂದ? ಸೊರಗಿದವರ ವ್ರಣ ಕಷ್ಟದಿಂದ ಮಾಯುತ್ತದೆ ಎಂದು ಸುಶ್ರುತನೂ ಹೇಳಿದ್ದಾನಲ್ಲ. ಹಳೆ ಹುಣ್ಣಿರುವವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು ಒಂದೂಕಾಲು ಗ್ರಾಂ ಪ್ರೋಟೀನ್ ಬೇಕು. 60 ಕಿಲೋದವರಿಗೆ 75 ಗ್ರಾಂ. ಒಂದು ತತ್ತಿಯಲ್ಲಿ 6 ಗ್ರಾಂ ಇದೆ, 100 ಗ್ರಾಂ ಶೇಂಗಾದಲ್ಲಿ 25. ರೊಟ್ಟಿಯ ಜೊತೆ ಮಡಿಕೆ ಕಾಳು, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ತಿನ್ನುವವರಾದರೆ ತತ್ತಿ, ಮೀನು ಎಲ್ಲ ಕೊಡಿ. ನಿಂಬೆ, ನೆಲ್ಲಿಕಾಯಿ, ಪೇರಲ ಕೊಡಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಪ್ರೋಟೀನಿನ ಅಳತೆಯನ್ನು ವೈದ್ಯರನ್ನು ಕೇಳಿ ಇಟ್ಟುಕೊಳ್ಳಬೇಕು. ಕುಂದಾ ಬೆಳಗಾವಿಯ ಹೆಮ್ಮೆ, ಒಪ್ಪಿದೆ. ಹುಣ್ಣು ಇರುವಷ್ಟು ದಿನ ಸಕ್ಕರೆ ಕಾಯಿಲೆಯವರ ಮುಂದೆ ಅದನ್ನು ಇಡಬೇಡಿ.

ಹುಣ್ಣು ಕಿರಿದಾಗುತ್ತಿದೆಯೇ ಎಂದು ಕಣ್ಣಂದಾಜಿನಲ್ಲಿ ತಿಳಿಯುವುದಿಲ್ಲ. ತೊಳೆದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹುಣ್ಣಿನ ಮೇಲಿಟ್ಟು ಅಂಚಿನ ಮೇಲೆ ಪೆನ್ನಿನಿಂದ ಗೆರೆ ಎಳೆಯಿರಿ. ತಾಗಿದ ಬದಿಯನ್ನು ಒರೆಸಿ, ತಾರೀಖು ಬರೆದಿಡಿ. ವಾರಕ್ಕೊಂದು. ಮೊಬೈಲಿನಲ್ಲಿ ಪಕ್ಕಕ್ಕೆ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದರೂ ಸರಿ. ಸಕ್ಕರೆ ಕಾಯಿಲೆಯ ಪಾದದ ಹುಣ್ಣು ನಾಲ್ಕು ವಾರದಲ್ಲಿ ಅರ್ಧದಷ್ಟು ಕಿರಿದಾದರೆ ಮೂರು ತಿಂಗಳಲ್ಲಿ ಮಾಯುವ ಸಂಭವ ಹೆಚ್ಚು. ಅಷ್ಟು ಆಗದಿದ್ದರೆ ಅದೇ ಡ್ರೆಸ್ಸಿಂಗನ್ನು ಮುಂದುವರಿಸುತ್ತ ಹೋಗಬೇಡಿ, ಕಾರಣವನ್ನು ಮತ್ತೆ ಹುಡುಕಿಸಿ. ಎಲುಬಿಗೆ ಸೋಂಕು ಹೋಗಿದೆಯೇ, ರಕ್ತನಾಳ ಮುಚ್ಚಿದೆಯೇ, ಕ್ಷಯವೇ ಎಂದು ನೋಡಬೇಕು. ವರ್ಷಗಟ್ಟಲೆ ಇದ್ದ ಹುಣ್ಣಿನ ಅಂಚು ಉಬ್ಬಿ ಹೂಕೋಸಿನ ಹಾಗೆ ಬೆಳೆದರೆ, ಸುಟ್ಟ ಹಳೆ ಕಲೆಯಲ್ಲಿ ಹೊಸ ಹುಣ್ಣೆದ್ದರೆ, ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು. ಹಳೆ ಹುಣ್ಣು ಕ್ಯಾನ್ಸರಿಗೆ ತಿರುಗುವುದುಂಟು. ಫ್ರಾನ್ಸಿನ ಮಾರ್ಜೊಲಿನ್ 1828ರಲ್ಲೇ ಹಳೆ ಕಲೆಗಳ ಮೇಲಿನ ಇಂಥ ಹುಣ್ಣುಗಳನ್ನು ವರ್ಣಿಸಿದ್ದ. ಜ್ವರ, ಏಕಾಏಕಿ ಹೆಚ್ಚಾದ ವಾಸನೆ, ಕಾಲಿನ ಮೇಲಕ್ಕೇರುವ ಕೆಂಪು, ಕಪ್ಪಾಗುವ ಬೆರಳು ಇವುಗಳಲ್ಲಿ ಒಂದು ಕಂಡರೂ ಮರುದಿನದ ಬಸ್ಸಿಗೆ ಕಾಯಬೇಡಿ.

ಮಾಯ್ದ ಮೇಲೂ ಕೆಲಸ ಮುಗಿಯುವುದಿಲ್ಲ. ಕೂಡಿಕೊಂಡ ಚರ್ಮಕ್ಕೆ ಮೊದಲಿನ ಬಲ ಪೂರ್ತಿ ಎಂದೂ ಬರುವುದಿಲ್ಲ, ಹೆಚ್ಚೆಂದರೆ ನೂರಕ್ಕೆ 80ರಷ್ಟು. ಸಕ್ಕರೆ ಕಾಯಿಲೆಯ ಪಾದದ ಹುಣ್ಣು ಮಾಯ್ದ ನೂರು ಜನರಲ್ಲಿ ಸುಮಾರು 40 ಜನರಿಗೆ ಒಂದೇ ವರ್ಷದಲ್ಲಿ ಮತ್ತೆ ಆಗುತ್ತದೆ. ಅದನ್ನು ತಡೆಯುವುದು ದಿನಾ ರಾತ್ರಿ ಅಂಗಾಲನ್ನು ಕನ್ನಡಿ ಹಿಡಿದು ನೋಡುವ ರೂಢಿ, ಮತ್ತು ಚಪ್ಪಲಿ.

ಚಪ್ಪಲಿಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಹೇಳಿಸಿಕೊಳ್ಳುವ ಅಗತ್ಯವೇ ಇರಬಾರದಿತ್ತು. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳು ಮಾಡುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಬೆಳಗಾವಿಯೂ ಆ ಗುರುತಿಗೆ ಸೇರಿದ ಜಿಲ್ಲೆ. ಆದರೆ ಜೋಮು ಹಿಡಿದ ಕಾಲಿಗೆ ಆ ಗಟ್ಟಿ ತೊಗಲು, ಹೆಬ್ಬೆರಳಿನ ಉಂಗುರ ಆಗಿಬರುವುದಿಲ್ಲ. ಬೆರಳ ಸಂದಿಯಲ್ಲಿ ಉಜ್ಜಿ ಅಲ್ಲೇ ಹುಣ್ಣು ಶುರುವಾಗುತ್ತದೆ. ಹವಾಯಿ ಚಪ್ಪಲಿಯೂ ಅಷ್ಟೇ, ಜೋಮು ಕಾಲಿನಿಂದ ಅದು ಎಲ್ಲೋ ಕಳಚಿ ಹೋದದ್ದೂ ಗೊತ್ತಾಗುವುದಿಲ್ಲ. ಬೇಕಾದದ್ದು ಒಳಗೆ ಮೆತ್ತನೆಯ ಎಂ.ಸಿ.ಆರ್. ಎಂಬ ಮೈಕ್ರೋಸೆಲ್ಯುಲರ್ ರಬ್ಬರು, ಕೆಳಗೆ ಮೊಳೆ ಮುಳ್ಳು ದಾಟದ ಗಟ್ಟಿ ಅಟ್ಟೆ, ಹಿಮ್ಮಡಿಯ ಹಿಂದೆ ಪಟ್ಟಿ, ಮೇಲೆ ಸಡಿಲು ಬಿಗಿ ಮಾಡಬಹುದಾದ ಅಗಲ ಪಟ್ಟಿಗಳು, ಒಳಗೆ ಒಂದೂ ಮೊಳೆ ಇರಬಾರದು. ಈ ಚಪ್ಪಲಿಯೂ ಕುಷ್ಠರೋಗಿಗಳಿಗಾಗಿ ವೆಲ್ಲೂರು, ಕರಿಗಿರಿಯ ಕಡೆ ರೂಪುಗೊಂಡದ್ದು. ಕುಷ್ಠ ನಿವಾರಣಾ ಕಾರ್ಯಕ್ರಮದಲ್ಲಿ ಸರ್ಕಾರ ಇಂದಿಗೂ ಅದನ್ನು ಉಚಿತವಾಗಿ ಕೊಡುತ್ತದೆ. ಅಥಣಿಯ ಕೈಗಳಿಗೆ ಇದನ್ನು ಹೊಲಿಯುವುದು ದೊಡ್ಡ ಕೆಲಸವೇ ಅಲ್ಲ. ಪಾದದ ಅಚ್ಚು ತೆಗೆದು ಕಳಿಸುವ ಒಬ್ಬರು ಆಸ್ಪತ್ರೆಯಲ್ಲಿ ಬೇಕು, ಹೊಲಿದ ಜೋಡಿಗೆ ಸರಿಯಾದ ಬೆಲೆ ಸಿಗಬೇಕು. ಈ ಎರಡನ್ನು ಕೂಡಿಸುವ ಅಧಿಕಾರಿಗಳು, ಸಂಸ್ಥೆಗಳು ಈ ಭಾಷಣ ಕೇಳುತ್ತಿದ್ದರೆ, ಬೆಳಗಾವಿಯಲ್ಲೇ ಮೊದಲು ಮಾಡಿ ಎಂದು ಕೈಮುಗಿದು ಕೇಳುತ್ತೇನೆ. ಅಲ್ಲಿಯವರೆಗೆ, ಡ್ರೆಸ್ಸಿಂಗಿಗೆ ಬರುವಾಗ ನೀವು ದಿನಾ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಬನ್ನಿ, ಹೊಸದನ್ನಲ್ಲ. ಹುಣ್ಣನ್ನು ನೋಡಿದ ಮೇಲೆ ನಾವು ಆ ಚಪ್ಪಲಿಯೊಳಗೆ ಕೈಯಾಡಿಸಿ ನೋಡಬೇಕು.